ಗೃಹಪ್ರವೇಶದ ವಿಡಿಯೊ: ಒಂದು ಕ್ಲಿಪ್‌ನಿಂದ ಇನ್ನೊಂದಕ್ಕೆ ನಯವಾಗಿ ದಾಟಿಸೋದು ಹೇಗೆ?

ಹೊಸಿಲು ಕೇಳಿದ್ದು:

ನಮಸ್ಕಾರ. ಗೃಹಪ್ರವೇಶದ ವಿಡಿಯೊ ಎಡಿಟ್ ಮಾಡ್ತಿದೀನಿ. ಒಟ್ಟು 64 ಕ್ಲಿಪ್ ಇವೆ. ಒಂದು ಐಫೋನ್, ಒಂದು ಆಂಡ್ರಾಯ್ಡ್ ಫೋನ್, ಒಂದು ಹಳೇ ಹ್ಯಾಂಡಿಕ್ಯಾಮ್, ಹೀಗೆ ಮೂರರಲ್ಲಿ ತೆಗೆದದ್ದು. ಫೋನಿನವು ಸೆಕೆಂಡಿಗೆ 30 ಫ್ರೇಮ್, ಹ್ಯಾಂಡಿಕ್ಯಾಮ್‌ನದು 50ಐ. ವಿಂಡೋಸ್ ಲ್ಯಾಪ್‌ಟಾಪ್, 8 ಜಿಬಿ ರ‍್ಯಾಮ್. ಶಾಟ್‌ಕಟ್‌ನಲ್ಲಿ ಕೆಲಸ ಮಾಡ್ತಿದೀನಿ, ಡಾವಿಂಚಿ ರಿಸಾಲ್ವ್ ಕೂಡ ಹಾಕಿಕೊಂಡಿದೀನಿ.

ತೊಂದರೆಗಳು ಇವು:

ಶಾಟ್‌ಕಟ್‌ನಲ್ಲಿ ಎಲ್ಲ ಕ್ಲಿಪ್‌ಗಳ ನಡುವೆ ಒಂದೊಂದು ಸೆಕೆಂಡ್ ಡಿಸಾಲ್ವ್ (ಒಂದು ಚಿತ್ರ ಕರಗಿ ಇನ್ನೊಂದಾಗೋದು) ಹಾಕಿದ ಮೇಲೆ ಒಟ್ಟು ಅವಧಿ ಒಂದು ನಿಮಿಷಕ್ಕೂ ಮೀರಿ ಇಳಿದಿದೆ. ಕೆಳಗಿನ ಟ್ರ್ಯಾಕ್‌ನಲ್ಲಿ ಹಾಕಿದ್ದ ಓಲಗ ಎಲ್ಲೂ ಹೊಂದುತ್ತಿಲ್ಲ. ಅದೇ ಕ್ಲಿಪ್‌ಗಳನ್ನ ರಿಸಾಲ್ವ್‌ನಲ್ಲಿ ಹಾಕಿದರೆ ಕೆಲವು ಕಡೆ ಹೆಚ್ಚುವರಿ ಫ್ರೇಮ್ ಇಲ್ಲ, ಕ್ಲಿಪ್ ಟ್ರಿಮ್ ಮಾಡಲೇ ಅಂತ ಕೇಳುತ್ತೆ. ಐಫೋನ್ ಕ್ಲಿಪ್‌ನಿಂದ ಆಂಡ್ರಾಯ್ಡ್ ಕ್ಲಿಪ್‌ಗೆ ದಾಟುವಾಗ ಬಣ್ಣ ಕಣ್ಣಿಗೆ ಹೊಡೆಯುತ್ತೆ. ಮಂತ್ರದ ದನಿ ಪ್ರತಿ ಡಿಸಾಲ್ವ್ ನಡುವೆ ಒಂದು ಕ್ಷಣ ಕುಗ್ಗಿ ಮತ್ತೆ ಏಳುತ್ತೆ.

ಎಲ್ಲಕ್ಕಿಂತ ಮುಖ್ಯವಾಗಿ, ಹಾಲುಕ್ಕಿಸುವ ಕ್ಲಿಪ್. ಹಾಲು ಉಕ್ಕಿ ಒಲೆಗೆ ಬಿದ್ದ ಕೂಡಲೇ ರೆಕಾರ್ಡಿಂಗ್ ನಿಂತುಬಿಟ್ಟಿದೆ. ಅಲ್ಲಿಂದ ಗಣಹೋಮಕ್ಕೆ ನಯವಾಗಿ ಹೋಗಬೇಕು. ಏನು ಮಾಡಬಹುದು?

---

ಕತ್ತರಿಕೈ ಉತ್ತರ:

ನಿಮ್ಮ ಮೊದಲ ಎರಡು ತೊಂದರೆಗೂ ಬೇರು ಒಂದೇ. ಡಿಸಾಲ್ವ್ ಅಂದರೆ ಎರಡು ಕ್ಲಿಪ್ ಸ್ವಲ್ಪ ಹೊತ್ತು ಒಟ್ಟಿಗೆ ಓಡಬೇಕು. ಹಾಗೆ ಓಡಲು ಬೇಕಾದ ಫ್ರೇಮ್‌ಗಳು ಎಲ್ಲಿಂದ ಬರುತ್ತವೆ ಅನ್ನುವುದರಲ್ಲಿ ಎರಡು ಸಾಫ್ಟ್‌ವೇರ್‌ಗಳ ದಾರಿ ಬೇರೆ.

ಶಾಟ್‌ಕಟ್‌ನಲ್ಲಿ ಎರಡನೇ ಕ್ಲಿಪ್ಪನ್ನು ಎಳೆದು ಮೊದಲನೆಯದರ ಮೇಲೆ ಹತ್ತಿಸುತ್ತೀರಿ. ಎಷ್ಟು ಹತ್ತಿಸಿದಿರೋ ಅಷ್ಟು ಟ್ರಾನ್ಸಿಷನ್. ಅಂದರೆ ಕಾಣುತ್ತಿದ್ದ ಭಾಗವನ್ನೇ ಅದು ನುಂಗುತ್ತದೆ, ಅವಧಿಯೂ ಅಷ್ಟೇ ಇಳಿಯುತ್ತದೆ. 64 ಕ್ಲಿಪ್‌ಗೆ 63 ಕೂಡು ಜಾಗ. ಒಂದೊಂದು ಸೆಕೆಂಡ್ ಹಾಕಿದರೆ 63 ಸೆಕೆಂಡ್ ಹೋಯಿತು. ಚಿತ್ರ ಎಡಕ್ಕೆ ಸರಿದಿದೆ, ಓಲಗ ಇದ್ದಲ್ಲೇ ಇದೆ. ಆದ್ದರಿಂದ ಶಾಟ್‌ಕಟ್‌ನಲ್ಲಿ ಕ್ರಮ ಹೀಗಿರಲಿ: ಮೊದಲು ಕ್ಲಿಪ್‌ಗಳನ್ನು ಜೋಡಿಸಿ ಕತ್ತರಿಸುವುದು, ಆಮೇಲೆ ಟ್ರಾನ್ಸಿಷನ್, ಎಲ್ಲ ಮುಗಿದ ಮೇಲಷ್ಟೇ ಓಲಗ. ಎಳೆಯುವ ಮುಂಚೆ ರಿಪ್ಪಲ್ (ಒಂದು ಕ್ಲಿಪ್ ಸರಿದರೆ ಮುಂದಿನವೂ ಜೊತೆಗೆ ಸರಿಯುವ ಆಯ್ಕೆ) ಆನ್ ಇದೆಯಾ ನೋಡಿಕೊಳ್ಳಿ. ಆಫ್ ಇದ್ದರೆ ಎಳೆದ ಕ್ಲಿಪ್ಪಿನ ಬಲಕ್ಕೆ ಅಷ್ಟೇ ಅಗಲದ ಖಾಲಿ ಜಾಗ ಬಿದ್ದು, ಎಕ್ಸ್‌ಪೋರ್ಟ್‌ನಲ್ಲಿ ಕಪ್ಪು ಮಿಂಚು ಕಾಣಿಸುತ್ತದೆ.

ರಿಸಾಲ್ವ್‌ನಲ್ಲಿ ಅವಧಿ ಬದಲಾಗುವುದಿಲ್ಲ. ನೀವು ಕತ್ತರಿಸಿ ಹೊರಗೆ ಬಿಟ್ಟ ಫ್ರೇಮ್‌ಗಳನ್ನೇ ಅದು ಒಳಗೆ ಎಳೆದುಕೊಳ್ಳುತ್ತದೆ. ಈ ಉಳಿಕೆಗೆ ಹ್ಯಾಂಡಲ್ ಅನ್ನುತ್ತಾರೆ. 30 ಫ್ರೇಮ್ ಟೈಮ್‌ಲೈನ್‌ನಲ್ಲಿ ಕಟ್ಟಿನ ನಡುಮಧ್ಯಕ್ಕೆ ಒಂದು ಸೆಕೆಂಡ್ ಡಿಸಾಲ್ವ್ ಕೂರಿಸಿದರೆ, ಮೊದಲ ಕ್ಲಿಪ್ಪಿನ ಬಾಲದಲ್ಲಿ 15 ಫ್ರೇಮ್, ಎರಡನೆಯದರ ತಲೆಯಲ್ಲಿ 15 ಫ್ರೇಮ್ ಉಳಿಕೆ ಇರಲೇಬೇಕು. ಕ್ಲಿಪ್ಪನ್ನು ಇಡಿಯಾಗಿ, ಒಂದೂ ಫ್ರೇಮ್ ಕತ್ತರಿಸದೆ ಹಾಕಿದ್ದರೆ ಉಳಿಕೆ ಸೊನ್ನೆ. ಅದಕ್ಕೇ ಟ್ರಿಮ್ ಮಾಡಲೇ ಎಂದು ಕೇಳುತ್ತಿದೆ. ಹೌದು ಎಂದರೆ ಅದೂ ಶಾಟ್‌ಕಟ್‌ನಂತೆ ನುಂಗುತ್ತದೆ. ಕೆಡೆನ್‌ಲೈವ್ ಎಂಬ ಎಡಿಟರ್ ಬಳಸುವವರಿಗೂ ಉಳಿಕೆಯ ಲೆಕ್ಕ ಇದೇ.

ಉಳಿಕೆ ಇದ್ದರೆ ಸಾಲದು, ಅದು ಚೆನ್ನಾಗಿರಬೇಕು. ಫೋನಿನಲ್ಲಿ ತೆಗೆದ ಕ್ಲಿಪ್ಪಿನ ಮೊದಲ ಮತ್ತು ಕೊನೆಯ ಅರ್ಧ ಸೆಕೆಂಡಿನಲ್ಲಿ ಬಟನ್ ಒತ್ತಿದ ಅಲುಗಾಟ ಇರುತ್ತದೆ. ಡಿಸಾಲ್ವ್ ಅಲ್ಲಿಗೆ ಬಿದ್ದರೆ ಕರಗುತ್ತಿರುವ ಚಿತ್ರ ತಟ್ಟನೆ ಕೆಳಕ್ಕೆ ವಾಲುತ್ತದೆ, ನೋಡುವವರಿಗೆ ಟ್ರಾನ್ಸಿಷನ್ನೇ ಒರಟಾಗಿದೆ ಅನ್ನಿಸುತ್ತದೆ. ಆ ಕೊನೆಯ 15–20 ಫ್ರೇಮನ್ನು ಲೆಕ್ಕದಿಂದಲೇ ಬಿಟ್ಟು, ಅದಕ್ಕಿಂತ ಒಳಗೆ ಕಟ್ ಇಡಿ. ಮುಂದೆ ಚಿತ್ರೀಕರಣ ಮಾಡುವವರಿಗೆ ಹೇಳಿಡಿ: ಕ್ರಿಯೆ ಶುರುವಾಗುವ 3 ಸೆಕೆಂಡ್ ಮುಂಚೆ ಒತ್ತಬೇಕು, ಮುಗಿದ ಮೇಲೆ 3 ಸೆಕೆಂಡ್ ಕೈ ಅಲುಗಿಸದೆ ಹಿಡಿದಿರಬೇಕು. ನಯವಾದ ಟ್ರಾನ್ಸಿಷನ್‌ನ ಮುಕ್ಕಾಲು ಪಾಲು ಅಲ್ಲೇ ಆಗಿಹೋಗುತ್ತದೆ.

ಇನ್ನು 63 ಕಡೆಯೂ ಡಿಸಾಲ್ವ್ ಬೇಡ. ಒಂದೇ ಜಾಗ, ಒಂದೇ ಹೊತ್ತು, ಒಂದೇ ಕ್ರಿಯೆ ಮುಂದುವರಿಯುತ್ತಿದ್ದರೆ ನೇರ ಕಟ್ ಹಾಕಿ. ಹಸು ಹೊಸ್ತಿಲ ಹತ್ತಿರ ಬಂದು ಕಾಲು ಎತ್ತಿದ ಫ್ರೇಮ್‌ನಲ್ಲಿ ಹೊರಗಿನ ಕ್ಲಿಪ್ ಮುಗಿಸಿ, ಕಾಲು ಒಳಗೆ ಊರುವಲ್ಲಿಂದ ಒಳಗಿನ ಕ್ಲಿಪ್ ಶುರು ಮಾಡಿದರೆ ಕಟ್ ಕಾಣುವುದೇ ಇಲ್ಲ, ಕಣ್ಣು ಕಾಲಿನ ಹಿಂದೆಯೇ ಹೋಗಿರುತ್ತದೆ. ಡಿಸಾಲ್ವನ್ನು ಹೊತ್ತು ಕಳೆದದ್ದನ್ನು ತೋರಿಸಲು ಇಟ್ಟುಕೊಳ್ಳಿ: ಬೆಳಗಿನ ಹೋಮದಿಂದ ಮಧ್ಯಾಹ್ನದ ಪಂಕ್ತಿಗೆ, ಪಂಕ್ತಿಯಿಂದ ಸಂಜೆಯ ಸತ್ಯನಾರಾಯಣ ಪೂಜೆಗೆ. ನಿಮ್ಮ 64 ಕ್ಲಿಪ್‌ಗೆ ಎಂಟು ಹತ್ತು ಡಿಸಾಲ್ವ್ ಸಾಕು.

---

ಶ್ರುತಿಪೆಟ್ಟಿಗೆ ಉತ್ತರ:

ದನಿ ಕುಗ್ಗೋದರ ಬಗ್ಗೆ ನಾನು ಹೇಳ್ತೀನಿ. ಬಹಳ ಜನ ಚಿತ್ರದ ಮೇಲೆ ಮಾತ್ರ ಗಂಟೆಗಟ್ಟಲೆ ಕೂರ‍್ತಾರೆ. ಆದರೆ ಕಟ್ ಒರಟು ಅನ್ನಿಸೋದು ಎಷ್ಟೋ ಸಲ ಕಿವಿಗೆ.

ಮೊದಲ ಕ್ಲಿಪ್‌ನ ದನಿ ನೇರ ಗೆರೆಯಲ್ಲಿ ಇಳೀತಾ, ಎರಡನೆಯದು ನೇರ ಗೆರೆಯಲ್ಲಿ ಏರ‍್ತಾ ಹೋದರೆ, ನಡುಮಧ್ಯದಲ್ಲಿ ಎರಡೂ ಅರ್ಧರ್ಧ ಇರುತ್ತೆ. ಎರಡೂ ಬೇರೆ ಬೇರೆ ಸದ್ದಾದರೆ ಆ ಜಾಗದಲ್ಲಿ ಒಟ್ಟು ದನಿ ಸುಮಾರು 3 ಡೆಸಿಬೆಲ್ ಇಳಿಯುತ್ತೆ. ನಿಮಗೆ ಕೇಳಿಸ್ತಿರೋ ಕುಗ್ಗು ಇದೇ. ರಿಸಾಲ್ವ್‌ನಲ್ಲಿ ಆಡಿಯೊ ಕ್ರಾಸ್‌ಫೇಡ್‌ಗಳ ಪಟ್ಟಿಯಲ್ಲಿ +3 ಡಿಬಿ ಅಂತ ಇರೋದನ್ನ ಹಾಕಿದರೆ ಸರಿಹೋಗುತ್ತೆ. ಶಾಟ್‌ಕಟ್‌ನಲ್ಲಾದರೆ ಎರಡೂ ಕ್ಲಿಪ್‌ನ ಆಡಿಯೊ ಬೇರ್ಪಡಿಸಿ (ಕ್ಲಿಪ್ ಮೇಲೆ ಬಲ ಕ್ಲಿಕ್ ಮಾಡಿದರೆ ಡಿಟ್ಯಾಚ್ ಆಡಿಯೊ ಸಿಗುತ್ತೆ), ಎರಡು ಬೇರೆ ಟ್ರ್ಯಾಕ್‌ನಲ್ಲಿಟ್ಟು, ಮೂಲೆಯ ಸಣ್ಣ ವೃತ್ತ ಎಳೆದು ಫೇಡ್ ಕೊಡಿ. ಚಿತ್ರ ಬದಲಾಗೋ ಜಾಗದಿಂದ ಆಚೀಚೆ ಸ್ವಲ್ಪ ಜಾಸ್ತಿ ಹೊತ್ತು ಎರಡೂ ಒಟ್ಟಿಗೆ ಓಡಲಿ, ಕುಗ್ಗು ತುಂಬಿಕೊಳ್ಳುತ್ತೆ.

ಆದರೆ ಮಂತ್ರಕ್ಕೆ ಇದಕ್ಕಿಂತ ಒಳ್ಳೇ ದಾರಿ ಇದೆ. ಹೋಮದ ಹೊತ್ತಿಗೆ ಮೂರರಲ್ಲಿ ಯಾವುದಾದರೂ ಒಂದು ಕ್ಯಾಮೆರಾ ನಿಲ್ಲಿಸದೆ ಓಡಿದೆಯಾ ನೋಡಿ. ಇದ್ದರೆ ಅದರ ದನಿಯೊಂದನ್ನೇ ಕೆಳಗೆ ಉದ್ದಕ್ಕೂ ಹಾಸಿ, ಮೇಲಿನ ಎಲ್ಲ ಕ್ಲಿಪ್‌ಗಳ ದನಿ ಮುಚ್ಚಿ. ಮೇಲೆ ಚಿತ್ರ ಎಷ್ಟು ಸಲ ಬೇಕಾದರೂ ಬದಲಾಗಲಿ, ಮಂತ್ರ ಒಂದೇ ಉಸಿರಲ್ಲಿ ಹೋಗ್ತಿದ್ದರೆ ಯಾರಿಗೂ ಕಟ್ ಗೊತ್ತಾಗಲ್ಲ. ಸ್ವಾಹಾಕಾರ ತುಟಿಗೂ ತುಪ್ಪ ಹಾಕೋ ಕೈಗೂ ಹೊಂದಬೇಕು ಅಷ್ಟೆ. ಒಂದು ಫ್ರೇಮ್ ಅಂದರೆ 33 ಮಿಲಿಸೆಕೆಂಡ್, ಎರಡು ಫ್ರೇಮ್ ಆಚೀಚೆ ಆದರೆ ಪರವಾಗಿಲ್ಲ, ಅದಕ್ಕಿಂತ ಜಾಸ್ತಿ ಆದರೆ ಕಣ್ಣಿಗೆ ಬೀಳುತ್ತೆ.

ಎರಡು ಫೋನಿನ ದನೀನೂ ಒಟ್ಟಿಗೆ ಬಿಡಬೇಡಿ. ಒಂದೇ ಮಂತ್ರ ಕೆಲವು ಮಿಲಿಸೆಕೆಂಡ್ ಹಿಂದೆಮುಂದೆಯಾಗಿ ಎರಡು ಸಲ ಬಂದರೆ ಡಬ್ಬದೊಳಗೆ ಮಾತಾಡಿದ ಹಾಗೆ ಕೇಳುತ್ತೆ.

ಬೇರೆ ಕಡೆ ನೇರ ಕಟ್ ಇರೋ ಜಾಗದಲ್ಲೂ ದನಿಗೆ ಎರಡು ಫ್ರೇಮ್ ಫೇಡ್ ಕೊಡಿ. ಅಲೆ ನಡುವೆ ತುಂಡಾದರೆ ಟಪ್ ಅಂತ ಸಣ್ಣ ಸದ್ದು ಬರುತ್ತೆ, ಹೆಡ್‌ಫೋನ್ ಹಾಕಿದರೆ ಚೆನ್ನಾಗಿ ಕೇಳಿಸುತ್ತೆ. ಜಾಗ ಬದಲಾಗುವಾಗ ಮುಂದಿನ ಕ್ಲಿಪ್‌ನ ದನಿಯನ್ನ ಚಿತ್ರಕ್ಕಿಂತ 15–20 ಫ್ರೇಮ್ ಮುಂಚೆ ತನ್ನಿ. ಅಡುಗೆಮನೆ ಕಾಣ್ತಿರುವಾಗಲೇ ಹೋಮದ ಮಂತ್ರ ಕೇಳಲು ಶುರುವಾದರೆ, ಚಿತ್ರ ಬದಲಾಗುವಷ್ಟರಲ್ಲಿ ಮನಸ್ಸು ಆಗಲೇ ಅಲ್ಲಿಗೆ ಹೋಗಿರುತ್ತೆ. ಎಡಿಟಿಂಗ್‌ನಲ್ಲಿ ಇದನ್ನ ಜೆ ಕಟ್ ಅಂತಾರೆ. ಹಿಂದಿನ ದನಿ ಮುಂದಿನ ಚಿತ್ರದ ಮೇಲೆ ಸ್ವಲ್ಪ ಹೊತ್ತು ಉಳಿದರೆ ಎಲ್ ಕಟ್.

---

ಫ್ರೇಮ್‌ಲೆಕ್ಕ ಉತ್ತರ:

ಟ್ರಾನ್ಸಿಷನ್ ಹಾಕುವುದಕ್ಕೂ ಮುಂಚೆ ಮೂರು ಕ್ಯಾಮೆರಾದ ಫೈಲುಗಳನ್ನು ಒಂದು ಹದಕ್ಕೆ ತರಬೇಕು. ಇಲ್ಲದಿದ್ದರೆ ಮೇಲಿನವರು ಹೇಳಿದ್ದೆಲ್ಲ ಮಾಡಿದರೂ ಏನೋ ಕೊರತೆ ಉಳಿಯುತ್ತದೆ.

ಫೋನುಗಳು ಹೇಳುವುದು 30, ಆದರೆ ಬೆಳಕು ಕಡಿಮೆಯಾದಂತೆ ಎಷ್ಟೋ ಫೋನುಗಳಲ್ಲಿ ಫ್ರೇಮ್ ದರ ಏರಿಳಿಯುತ್ತಿರುತ್ತದೆ. ಅಂಥ ಫೈಲನ್ನು ನೇರವಾಗಿ ಟೈಮ್‌ಲೈನ್‌ಗೆ ಹಾಕಿದರೆ ಡಿಸಾಲ್ವ್‌ನಲ್ಲಿ ಚಿತ್ರ ತಡವರಿಸುತ್ತದೆ, ಉದ್ದದ ಕ್ಲಿಪ್‌ನಲ್ಲಿ ತುಟಿಗೂ ಮಾತಿಗೂ ಹೊಂದಿಕೆ ತಪ್ಪುತ್ತಾ ಹೋಗುತ್ತದೆ. ಶಾಟ್‌ಕಟ್ ಇದನ್ನು ತಾನೇ ಗುರುತಿಸಿ, ಎಡಿಟಿಂಗ್‌ಗೆ ಸುಲಭವಾದ ರೂಪಕ್ಕೆ ಬದಲಿಸಲೇ ಎಂದು ಕೇಳುತ್ತದೆ. ಹೌದು ಅನ್ನಿ. 8 ಜಿಬಿ ರ‍್ಯಾಮ್‌ನ ಯಂತ್ರಕ್ಕೆ ಮೂರು ಆಯ್ಕೆಗಳಲ್ಲಿ ಮೊದಲನೆಯದೇ, ಅಂದರೆ ಎಂಪಿ4, ಸಾಕು. ರಿಸಾಲ್ವ್‌ಗಾದರೆ ಹ್ಯಾಂಡ್‌ಬ್ರೇಕ್ ಎಂಬ ವಿಡಿಯೊ ಪರಿವರ್ತಿಸುವ ಸಾಫ್ಟ್‌ವೇರ್‌ನಲ್ಲಿ ಫ್ರೇಮ್ ದರ 30, ಕಾನ್‌ಸ್ಟೆಂಟ್ ಎಂದಿಟ್ಟು ಬದಲಿಸಿಕೊಂಡು ಹಾಕಿ.

ಬಣ್ಣ ಹೊಡೆಯುತ್ತಿರುವುದಕ್ಕೆ ಬಹುಮಟ್ಟಿಗೆ ಎಚ್‌ಡಿಆರ್ (ಬೆಳಕು, ಬಣ್ಣದ ಹರವು ಹೆಚ್ಚಿರುವ ವಿಡಿಯೊ ರೂಪ) ಕಾರಣ. ಐಫೋನ್ 12ರಿಂದ ಈಚಿನವು ಸೆಟ್ಟಿಂಗ್ ಆನ್ ಇದ್ದರೆ ವಿಡಿಯೊವನ್ನು ಎಚ್‌ಡಿಆರ್‌ನಲ್ಲಿ ಬರೆಯುತ್ತವೆ, ಇನ್ನೊಂದು ಫೋನು ಸಾಮಾನ್ಯ ವಿಡಿಯೊದ ಬಣ್ಣದ ಮಾನದಂಡವಾದ ಬಿಟಿ.709ರಲ್ಲಿ. ಎಚ್‌ಡಿಆರ್ ಕ್ಲಿಪ್ಪನ್ನು ಪರಿವರ್ತಿಸದೆ ಸಾಮಾನ್ಯ ಟೈಮ್‌ಲೈನ್‌ಗೆ ಹಾಕಿದರೆ ಒಂದೋ ಬೂದಿ ಬಳಿದಂತೆ ಮಂಕಾಗುತ್ತದೆ, ಇಲ್ಲವೇ ಬಿಳಿ ಪಂಚೆ, ದೀಪ ಎಲ್ಲ ಸುಟ್ಟ ಬಿಳಿಯಾಗುತ್ತದೆ. ಬದಲಿಸುವ ಹಂತದಲ್ಲೇ ಬಿಟಿ.709ಕ್ಕೆ ಇಳಿಸಿಕೊಳ್ಳಿ. ಮುಂದಿನ ಸಲಕ್ಕೆ ಐಫೋನಿನ ಸೆಟ್ಟಿಂಗ್ಸ್, ಕ್ಯಾಮೆರಾ, ರೆಕಾರ್ಡ್ ವಿಡಿಯೊದಲ್ಲಿ ಎಚ್‌ಡಿಆರ್ ಆಫ್ ಮಾಡಿಟ್ಟರೆ ಈ ಕೆಲಸವೇ ಇರುವುದಿಲ್ಲ.

ಅದಾದ ಮೇಲೂ ಸ್ವಲ್ಪ ವ್ಯತ್ಯಾಸ ಉಳಿದರೆ ಒಂದು ಕ್ಯಾಮೆರಾವನ್ನು ಮಾದರಿಯಾಗಿ ಇಟ್ಟುಕೊಂಡು ಉಳಿದವನ್ನು ಅದಕ್ಕೆ ಹೊಂದಿಸಿ. ಗೋಡೆಯ ಬಿಳಿಯನ್ನೋ ಪುರೋಹಿತರ ಪಂಚೆಯ ಬಿಳಿಯನ್ನೋ ನೋಡಿಕೊಂಡು ವೈಟ್ ಬ್ಯಾಲೆನ್ಸ್ ಸರಿಮಾಡಿ, ಆಮೇಲೆ ಬೆಳಕು. ಅರಿಶಿನ, ಕುಂಕುಮ, ಬೆಂಕಿ ನೋಡಿ ಹೊಂದಿಸಲು ಹೋದರೆ ದಾರಿ ತಪ್ಪುತ್ತದೆ.

ಹ್ಯಾಂಡಿಕ್ಯಾಮ್‌ನ 50ಐ ಅಂದರೆ ಪ್ರತಿ ಚಿತ್ರವೂ ಬೆಸ ಗೆರೆ, ಸರಿ ಗೆರೆ ಎಂದು ಎರಡು ಪಾಲಾಗಿರುತ್ತದೆ; ಸೆಕೆಂಡಿಗೆ 50 ಪಾಲು, ಅಂದರೆ 25 ಪೂರ್ತಿ ಫ್ರೇಮ್. ಡಿಇಂಟರ್ಲೇಸ್ ಮಾಡದೆ, ಅಂದರೆ ಈ ಪಾಲುಗಳನ್ನು ಪೂರ್ತಿ ಚಿತ್ರವಾಗಿಸದೆ, ಡಿಸಾಲ್ವ್ ಹಾಕಿದರೆ ಅಲುಗುವ ಕೈಗಳ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆಗಳು ಏಳುತ್ತವೆ. ಹ್ಯಾಂಡ್‌ಬ್ರೇಕ್‌ನಲ್ಲಿ ಡಿಇಂಟರ್ಲೇಸ್ ಆಯ್ಕೆ ಇದೆ, ಆ ಕ್ಲಿಪ್‌ಗಳಿಗೆ ಮಾತ್ರ ಹಾಕಿ. ಹೆಚ್ಚು ಕ್ಲಿಪ್ ಫೋನಿನವೇ ಆದ್ದರಿಂದ ಟೈಮ್‌ಲೈನ್ 30ರಲ್ಲೇ ಇರಲಿ. 25ನ್ನು 30 ಮಾಡಿದಾಗ ಪ್ರತಿ ಐದು ಫ್ರೇಮಿಗೆ ಒಂದು ಮರುಕಳಿಸುತ್ತದೆ. ಕ್ಯಾಮೆರಾ ನಿಂತಲ್ಲೇ ನಿಂತ ಶಾಟ್‌ಗಳಲ್ಲಿ ಗೊತ್ತಾಗುವುದಿಲ್ಲ, ಎಡದಿಂದ ಬಲಕ್ಕೆ ತಿರುಗಿಸಿದ ಶಾಟ್‌ಗಳಲ್ಲಿ ಕುಂಟುತ್ತದೆ. ಅಂಥವನ್ನು ಬಿಡಿ, ಇಲ್ಲವೇ ಚಿಕ್ಕದಾಗಿ ಬಳಸಿ.

ಶಾಟ್‌ಕಟ್‌ನಲ್ಲಿ ವಿಡಿಯೊ ಮೋಡ್ ಆಟೊಮ್ಯಾಟಿಕ್ ಇದ್ದರೆ ಮೊದಲು ಹಾಕಿದ ಕ್ಲಿಪ್ಪಿನ ಗುಣವನ್ನೇ ಇಡೀ ಪ್ರಾಜೆಕ್ಟ್‌ಗೆ ಹಿಡಿದುಬಿಡುತ್ತದೆ. ಮೊದಲು ಹ್ಯಾಂಡಿಕ್ಯಾಮ್ ಕ್ಲಿಪ್ ಹಾಕಿದ್ದರೆ ಎಲ್ಲವೂ 25 ಆಗಿರುತ್ತದೆ. ಒಮ್ಮೆ ನೋಡಿಕೊಳ್ಳಿ.

---

ಹೊಸಿಲು:

ಎಲ್ಲರಿಗೂ ತುಂಬಾ ಧನ್ಯವಾದ. ವಿಡಿಯೊ ಮೋಡ್ ನೋಡಿದೆ, 25ರಲ್ಲೇ ಇತ್ತು. ಹೋಮದ ಹೊತ್ತಿಗೆ ಹ್ಯಾಂಡಿಕ್ಯಾಮ್ ಸ್ಟ್ಯಾಂಡ್ ಮೇಲೆ ಪೂರ್ತಿ ಓಡಿದೆ, ಆದರೆ ಎರಡು ಫೈಲ್ ಆಗಿ ತುಂಡಾಗಿದೆ. ಆ ಕೂಡು ಜಾಗಕ್ಕೆ ಸಣ್ಣ ಡಿಸಾಲ್ವ್ ಹಾಕಬಹುದಾ? ಹಾಲುಕ್ಕಿಸೋ ಕ್ಲಿಪ್‌ಗೆ ಕೊನೆಯ ಫ್ರೇಮ್ ಫ್ರೀಜ್ ಮಾಡಿ ಅದರ ಮೇಲೆ ಡಿಸಾಲ್ವ್ ಹಾಕಿ ನೋಡಿದೆ, ಚೆನ್ನಾಗಿ ಬರ‍್ತಿಲ್ಲ.

---

ಫ್ರೇಮ್‌ಲೆಕ್ಕ ಉತ್ತರ:

ಅಲ್ಲಿ ಡಿಸಾಲ್ವ್ ಬೇಡವೇ ಬೇಡ. ಕ್ಯಾಮೆರಾ ನಿಂತಿಲ್ಲ, ಫೈಲ್ ದೊಡ್ಡದಾಯಿತೆಂದು ತಾನೇ ತುಂಡು ಮಾಡಿಕೊಂಡಿದೆ. ಎರಡರ ನಡುವೆ ಉಳಿಕೆ ಇಲ್ಲ, ಹತ್ತಿಸಿದರೆ ಅಷ್ಟು ಮಂತ್ರ ನುಂಗಿಹೋಗುತ್ತದೆ. ಕ್ಯಾಮೆರಾ ಜೊತೆ ಬಂದ ಸಾಫ್ಟ್‌ವೇರ್ ಇದ್ದರೆ ಅದರಲ್ಲೇ ಕಾರ್ಡಿನಿಂದ ತೆಗೆಯಿರಿ, ಎರಡನ್ನೂ ಕೂಡಿಸಿಯೇ ಕೊಡುತ್ತದೆ. ಇಲ್ಲದಿದ್ದರೆ ಟೈಮ್‌ಲೈನ್‌ನಲ್ಲಿ ಒತ್ತಿಗೆ ಇಟ್ಟು, ಆ ಜಾಗದ ಚಿತ್ರದ ಮೇಲೆ ಫೋನಿನ ಒಂದು ಕ್ಲಿಪ್ ಹಾಕಿ ಮುಚ್ಚಿ. ದನಿಯಲ್ಲಿ ಸಣ್ಣ ಕೊಕ್ಕೆ ಕೇಳಿಸಿದರೆ ಅಷ್ಟು ಹೊತ್ತಿಗೆ ಮಾತ್ರ ಫೋನಿನ ದನಿ.

---

ಕತ್ತರಿಕೈ ಉತ್ತರ:

ಫ್ರೀಜ್ ಚೆನ್ನಾಗಿ ಬರದಿರುವುದಕ್ಕೆ ಕಾರಣ ಇದೆ. ನೊರೆ ಉಕ್ಕಿ ಪಾತ್ರೆಯ ಅಂಚು ದಾಟಿ ಇಳಿಯುತ್ತಿರುವ ಹೊತ್ತು ಅದು. ಆ ಚಲನೆ ತಟ್ಟನೆ ಕಲ್ಲಾಗಿ ನಿಂತು, ಆಮೇಲೆ ಕರಗತೊಡಗಿದರೆ ಕಣ್ಣು ಮೊದಲು ಆ ನಿಲುಗಡೆಯನ್ನೇ ಹಿಡಿಯುತ್ತದೆ. ಒಲೆಯ ಉರಿಯೂ ಅದೇ ಫ್ರೇಮಿನಲ್ಲಿ ನಿಂತುಹೋಗಿರುತ್ತದೆ. ಅಲುಗದ ವಸ್ತುಗಳಿಗೆ, ಅಂದರೆ ರಂಗೋಲಿ, ತೋರಣ, ಕಲಶ, ಇವಕ್ಕೆ ಮಾತ್ರ ಫ್ರೀಜ್ ನಡೆಯುತ್ತದೆ.

ಹೀಗೆ ಮಾಡಿ. ಕ್ಲಿಪ್ಪಿನ ಆಡಿಯೊ ಮೊದಲು ಬೇರ್ಪಡಿಸಿ. ಕೊನೆಯಿಂದ 2 ಸೆಕೆಂಡ್ ಹಿಂದೆ ಪ್ಲೇಹೆಡ್ ಇಟ್ಟು ಎಸ್ ಕೀ ಒತ್ತಿ ತುಂಡು ಮಾಡಿ. ಆ ಕೊನೆಯ ತುಂಡನ್ನು ಆರಿಸಿಕೊಂಡು, ಪ್ರಾಪರ್ಟೀಸ್‌ನಲ್ಲಿ ಸ್ಪೀಡ್ 0.8 ಮಾಡಿ. 60 ಫ್ರೇಮ್ ಇದ್ದದ್ದು 75 ಆಗುತ್ತದೆ, ಅರ್ಧ ಸೆಕೆಂಡ್ ಡಿಸಾಲ್ವ್‌ಗೆ ಬೇಕಾದ 15 ಫ್ರೇಮ್ ಸಿಕ್ಕಿತು. ಹಾಲು ಉಕ್ಕುವುದು ಹೇಗೂ ನಿಧಾನದ ಚಲನೆ, ಇಷ್ಟು ತಗ್ಗಿಸಿದ್ದು ಗೊತ್ತಾಗುವುದಿಲ್ಲ. ಆದರೆ ಫ್ರೇಮಿನೊಳಗೆ ಯಾರಾದರೂ ಕೈ ಬೀಸುತ್ತಿದ್ದರೆ ಗೊತ್ತಾಗುತ್ತದೆ, ಆಗ 0.9ಕ್ಕಿಂತ ಕೆಳಗೆ ಹೋಗಬೇಡಿ. ಬೇರ್ಪಡಿಸಿದ ಆಡಿಯೊ ಮೂಲ ವೇಗದಲ್ಲೇ ಉಳಿದಿರುತ್ತದೆ, ಕೊನೆಗೆ ಅರ್ಧ ಸೆಕೆಂಡ್ ಕಡಿಮೆ ಬೀಳುತ್ತದೆ. ಅಲ್ಲಿಗೆ ಮೇಲೆ ಹೇಳಿದಂತೆ ಹೋಮದ ಮಂತ್ರವನ್ನು ಮುಂಚೆಯೇ ತಂದರೆ ಖಾಲಿಯೂ ತುಂಬಿತು.

ಡಿಸಾಲ್ವ್‌ನ ಆ ಕಡೆಗೆ ಏನು ಇಡುತ್ತೀರಿ ಅನ್ನುವುದೂ ಅಷ್ಟೇ ಮುಖ್ಯ. ಜನರ ಮುಖ ಇರುವ ಶಾಟ್ ಇಟ್ಟರೆ ನೊರೆಯ ಮೇಲೆ ಮುಖಗಳು ತೇಲಿ ಕಲಸಿಹೋಗುತ್ತದೆ. ಹೋಮಕುಂಡದ ಉರಿಯ ಹತ್ತಿರದ ಶಾಟ್ ಇದ್ದರೆ ಅದನ್ನಿಡಿ. ಒಲೆಯ ಉರಿ ಇದ್ದ ಜಾಗಕ್ಕೇ ಕುಂಡದ ಉರಿ ಬರುವಂತೆ ಎರಡನೇ ಕ್ಲಿಪ್ಪನ್ನು ಸ್ವಲ್ಪ ಹಿಗ್ಗಿಸಿ ಸರಿಸಿ. ಫೋನಿನಲ್ಲಿ 4ಕೆ ತೆಗೆದಿದ್ದು ಪ್ರಾಜೆಕ್ಟ್ 1080 ಇದ್ದರೆ ಎರಡು ಪಟ್ಟಿನವರೆಗೆ ಹಿಗ್ಗಿಸಿದರೂ ಚಿತ್ರ ಮಸುಕಾಗುವುದಿಲ್ಲ. ಉರಿಯಿಂದ ಉರಿಗೆ ಹೋಗುವ ಡಿಸಾಲ್ವ್ ಗಟ್ಟಿ ಅಂಚುಗಳಿಲ್ಲದ ಕಾರಣ ತುಂಬಾ ಚೆನ್ನಾಗಿ ಬೆರೆಯುತ್ತದೆ.

---

ಶ್ರುತಿಪೆಟ್ಟಿಗೆ ಉತ್ತರ:

ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಉರಿ, ಹೊಗೆ ಇರೋ ಕಡೆ ಅರ್ಧ ಸೆಕೆಂಡ್ ಡಿಸಾಲ್ವ್ ಅವಸರ ಅನ್ನಿಸುತ್ತೆ. ಒಂದೂವರೆಯಿಂದ ಎರಡು ಸೆಕೆಂಡ್ ಕೊಟ್ಟರೆ ಹೊಗೆಯ ಗತಿಗೇ ಚಿತ್ರ ಬದಲಾಗುತ್ತೆ. ಹಾಲಿನ ಕ್ಲಿಪ್‌ನಲ್ಲಿ ಉಳಿಕೆ ಇಲ್ಲವಲ್ಲ, ಅದಕ್ಕೆ ಡಿಸಾಲ್ವನ್ನ ನಡುಮಧ್ಯಕ್ಕೆ ಕೂರಿಸದೆ, ಹಾಲು ಅಂಚು ದಾಟಿದ ಮೇಲಿನ ಭಾಗದ ಮೇಲೇ ಹತ್ತಿಸಿ. ದಾಟೋ ಕ್ಷಣ ಪೂರ್ತಿ ಸ್ಪಷ್ಟವಾಗಿ ಕಾಣಲಿ, ಒಲೆಗೆ ಸುರಿಯೋದು ಕರಗ್ತಾ ಹೋಗಲಿ.

---

ಕತ್ತರಿಕೈ:

ದಾಟಿದ ಮೇಲೆ ಒಂದೂವರೆ ಸೆಕೆಂಡ್ ಉಳಿದಿದ್ದರೆ ಹಾಗೇ ಮಾಡಿ, ಅದು ನನ್ನದಕ್ಕಿಂತ ಚೆನ್ನ. ಇಲ್ಲದಿದ್ದರೆ ಹಾಲು ದಾಟುವ ಕ್ಷಣವೇ ಮಬ್ಬಾಗುತ್ತದೆ, ಮನೆಯವರು ನೋಡಬೇಕೆಂದು ಕಾಯುವ ಕ್ಷಣವೇ ಅದು. ಆಗ ಅರ್ಧ ಸೆಕೆಂಡೇ ಇರಲಿ.

---

ಫ್ರೇಮ್‌ಲೆಕ್ಕ ಉತ್ತರ:

ಇನ್ನೆರಡು ವಿಷಯ. ಹೋಮಕುಂಡದ ಉರಿ ಏರಿದಾಗ ಫೋನಿನ ಆಟೊ ಎಕ್ಸ್‌ಪೋಷರ್ ಇಡೀ ಚಿತ್ರವನ್ನು ಕತ್ತಲು ಮಾಡಿ, ಮತ್ತೆ ನಿಧಾನಕ್ಕೆ ಬೆಳಕಿಗೆ ತರುತ್ತದೆ. ಆ ಏರಿಳಿತದ ನಡುವೆ ಡಿಸಾಲ್ವ್ ಬಿದ್ದರೆ ಬಲ್ಬ್ ಮಿಣುಕಿದಂತೆ ಕಾಣುತ್ತದೆ. ಬೆಳಕು ಒಂದು ಹದಕ್ಕೆ ನಿಂತ ಮೇಲೆ 10 ಫ್ರೇಮ್ ಬಿಟ್ಟು ಡಿಸಾಲ್ವ್ ಶುರು ಮಾಡಿ. ಸಂಜೆಯ ಪೂಜೆಯಲ್ಲಿ ಸೀರಿಯಲ್ ಸೆಟ್, ಟ್ಯೂಬ್‌ಲೈಟ್ ಹಿನ್ನೆಲೆಗೆ ಇದ್ದರೆ ಅಡ್ಡಪಟ್ಟಿಗಳು ಮೇಲೆ ಕೆಳಗೆ ಸರಿಯುತ್ತಿರುವುದೂ ಕಾಣಬಹುದು. ನಮ್ಮ ಕರೆಂಟು 50 ಹರ್ಟ್ಜ್, ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ, ಶಟರ್ ಅದಕ್ಕೆ ಹೊಂದದಿದ್ದರೆ ಪಟ್ಟಿ ಬೀಳುತ್ತದೆ. ಅಂಥ ಎರಡು ಕ್ಲಿಪ್ಪನ್ನು ಡಿಸಾಲ್ವ್ ಮಾಡಿದರೆ ಪಟ್ಟಿಗಳು ಒಂದರ ಮೇಲೊಂದು ಓಡಾಡುತ್ತವೆ. ಅಲ್ಲೆಲ್ಲ ನೇರ ಕಟ್.

ಎಕ್ಸ್‌ಪೋರ್ಟ್ ಮಾಡುವಾಗ ಬಿಟ್‌ರೇಟ್ (ಸೆಕೆಂಡಿಗೆ ಬಳಸುವ ಡೇಟಾ) ಕಟ್ಟಿಹಾಕಬೇಡಿ. ಡಿಸಾಲ್ವ್ ನಡೆಯುವಾಗ ಪ್ರತಿ ಫ್ರೇಮ್‌ನಲ್ಲೂ ಪ್ರತಿ ಚುಕ್ಕಿಯೂ ಬದಲಾಗುತ್ತಿರುತ್ತದೆ, ಎನ್‌ಕೋಡರ್‌ಗೆ ಹಿಂದಿನ ಫ್ರೇಮಿನಿಂದ ಎತ್ತಿಕೊಳ್ಳಲು ಹೆಚ್ಚೇನೂ ಸಿಗುವುದಿಲ್ಲ. ಬಿಟ್ ಸಾಲದೆ ಹೋದರೆ ಸರಿಯಾಗಿ ಅಲ್ಲೇ ಚೌಕಳಿ ಚೌಕಳಿಯಾಗಿ ಒಡೆಯುತ್ತದೆ. ಎಚ್.264 ಎಂಬ ವಿಡಿಯೊ ಕುಗ್ಗಿಸುವ ರೂಪದಲ್ಲಿ ಗುಣಮಟ್ಟದ ಲೆಕ್ಕ ಆರಿಸಿ, ಸಿಆರ್‌ಎಫ್ (ಗುಣಮಟ್ಟದ ಅಂಕಿ, ಕಡಿಮೆಯಾದಷ್ಟೂ ಚೆನ್ನ) 18ರಿಂದ 20ರ ನಡುವೆ ಇರಲಿ. ಹಾರ್ಡ್‌ವೇರ್ ಎನ್‌ಕೋಡರ್ ಆಫ್ ಮಾಡಿ, ಹೊತ್ತು ಹೆಚ್ಚು ಹಿಡಿದರೂ ಈ ಜಾಗಗಳಲ್ಲಿ ಫಲ ಚೆನ್ನಾಗಿರುತ್ತದೆ. ಇಡೀ ವಿಡಿಯೊ ತೆಗೆಯುವ ಮುಂಚೆ ಹಾಲಿನಿಂದ ಹೋಮಕ್ಕೆ ದಾಟುವ 10 ಸೆಕೆಂಡ್ ಮಾತ್ರ ಬೇರೆ ಪ್ರಾಜೆಕ್ಟ್ ಆಗಿ ಉಳಿಸಿ ಎಕ್ಸ್‌ಪೋರ್ಟ್ ಮಾಡಿ, ಟಿವಿಯಲ್ಲಿ ಹಾಕಿ ನೋಡಿ. ಲ್ಯಾಪ್‌ಟಾಪ್‌ನ ಪ್ರಿವ್ಯೂ 8 ಜಿಬಿಯಲ್ಲಿ ತಡವರಿಸುತ್ತದೆ, ಅದನ್ನು ನಂಬಿ ಟ್ರಾನ್ಸಿಷನ್ ತಿದ್ದಲು ಹೋಗಬೇಡಿ.

---

ಹೊಸಿಲು:

ಹಾಲು ದಾಟಿದ ಮೇಲೆ 22 ಫ್ರೇಮ್ ಇದೆ, ಸ್ಪೀಡ್ 0.8 ಮಾಡಿದ ಮೇಲೆ 27 ಆಯ್ತು. ಕೊನೆಯ 24 ಫ್ರೇಮ್ ಮೇಲೆ ಹೋಮದ ಉರಿ ಹತ್ತಿಸಿದೀನಿ, ಮಂತ್ರ 18 ಫ್ರೇಮ್ ಮುಂಚೆ ಬರುತ್ತೆ. ಟಿವಿಯಲ್ಲಿ ನೋಡಿದೆ, ಒಲೆಯ ಉರಿಯೇ ಕುಂಡಕ್ಕೆ ಹೋದ ಹಾಗಿದೆ. ಈಗ ಉಳಿದ ಡಿಸಾಲ್ವ್‌ಗಳನ್ನ ತೆಗೀತಾ ಕೂತಿದೀನಿ.